ಇವರು ನಮ್ಮವರು

ವಿಸಿಟಿಂಗ್ ಕಾರ್ಡನ್ನು ಪರಿಣಾಮಕಾರಿಯಾಗಿ ಬಳಸುವುದು ಹೇಗೆ ಎಂದು ಹೇಳಿಕೊಡುವ ಗುರುಗಳು ಈಗ ಬೆಂಗಳೂರಿನಲ್ಲಿ ಹೇರಳವಾಗಿದ್ದಾರೆ. ಬೆಳಿಗ್ಗೆ ಏಳು ಗಂಟೆಗೆ ಯಾವುದಾದರೂ ಹೋಟೆಲಿನ ಮಹಡಿ ಹತ್ತಿ ನೋಡಿ. ಒಂದು ಮೂಲೆಯಲ್ಲಿ ಇಡ್ಲಿ, ವಡೆ, ಕೇಸರಿಬಾತಿನ ಹಬೆ. ಇನ್ನೊಂದು ಮೂಲೆಯಲ್ಲಿ ಪ್ರೊಜೆಕ್ಟರಿನ ಬೆಳಕು. ನಡುವೆ ಕೋಟು ತೊಟ್ಟ ಗುರುಗಳು. 'ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು. ಕೊಡುವಾಗ ಕಣ್ಣಿಗೆ ಕಣ್ಣು ಸೇರಿಸಿ ನಗಬೇಕು. ಇಸಕೊಂಡವರು ಹೆಸರನ್ನು ಬಾಯಿಬಿಟ್ಟು ಓದಬೇಕು. ಹಿಂದಿನ ಜೇಬಿಗೆ ತುರುಕಿ ಅದರ ಮೇಲೆ ಕೂರಬಾರದು. ಜಪಾನಿನಲ್ಲಿ ಹೀಗೇ ಮಾಡ್ತಾರೆ.'

ಜಪಾನಿನಲ್ಲಿ ಹೀಗೆ ಮಾಡುವುದು ನಿಜ. ಕಿರಿಯ ನೌಕರ ತನ್ನ ಕಾರ್ಡನ್ನು ಹಿರಿಯರ ಕಾರ್ಡಿಗಿಂತ ಒಂದಿಷ್ಟು ಕೆಳಗೆ ಹಿಡಿದೇ ಕೊಡುತ್ತಾನೆ. ಪಡೆದ ಕಾರ್ಡುಗಳನ್ನು ಎದುರಿನವರು ಕೂತ ಸಾಲಿಗೆ ತಕ್ಕಂತೆ ಮೇಜಿನ ಮೇಲೆ ಜೋಡಿಸಿಕೊಳ್ಳುತ್ತಾನೆ. ಅವರ ಕಣ್ಣೆದುರೇ ಅದರ ಮೇಲೆ ಏನಾದರೂ ಗೀಚಿದರೆ ಮುಖದ ಮೇಲೆ ಗೀಚಿದಷ್ಟೇ ಅಪಚಾರ. ಇಷ್ಟೊಂದು ಮಡಿಗೆ ಕಾರಣವಿದೆ. ಎದುರಿಗಿರುವವರು ಯಾವ ಕಂಪನಿ, ಅಲ್ಲಿ ಎಂಥ ಹುದ್ದೆ ಎಂದು ಗೊತ್ತಾಗದೆ ಅವರಿಗೆ ಎಷ್ಟು ಬಾಗಬೇಕು, ಎಷ್ಟು ಗೌರವದ ಮಾತಾಡಬೇಕು ಎಂಬುದು ಅಲ್ಲಿ ಗೊತ್ತಾಗುವುದಿಲ್ಲ. ನಮಗೆ ಆ ತೊಂದರೆ ಇಲ್ಲ. ಅವರು ಇಳಿದ ಕಾರು ನೋಡಿದಾಗಲೇ, ಹಿಂದೆ ಫೈಲು ಹಿಡಿದು ಓಡಿಬರುವವರನ್ನು ಎಣಿಸಿದಾಗಲೇ ಬಾಗುವ ಲೆಕ್ಕ ಚುಕ್ತಾ ಆಗಿರುತ್ತದೆ. ಕಾರ್ಡು ಕೈಗೆ ಬರುವ ಹೊತ್ತಿಗೆ ನಮ್ಮ ಸೊಂಟ ಬಾಗಿ ಎದ್ದು ಸುಧಾರಿಸಿಕೊಳ್ಳುತ್ತಿರುತ್ತದೆ.

ಭಾಷಣ ಮುಗಿದ ಕೂಡಲೇ ಕಾರ್ಡು ವಿನಿಮಯ. ಜೀವವಿಮೆಯವರು, ಇಂಟೀರಿಯರ್‌ನವರು, ಸಿಸಿಟಿವಿ ಹಾಕುವವರು, ಜಿಎಸ್‌ಟಿ ಫೈಲ್ ಮಾಡಿಕೊಡುವವರು, ಸೋಲಾರ್‌ನವರು, ಹೊಸಕೋಟೆಯಿಂದ ಹತ್ತೇ ನಿಮಿಷ ಎನ್ನುವ ಸೈಟಿನವರು. ಎಲ್ಲರೂ ಮಾರಲು ಬಂದವರೇ, ಕೊಳ್ಳುವ ಪ್ರಾಣಿ ಒಂದೂ ಇಲ್ಲ. ವಿಮೆಯವರು ಸೈಟಿನವರ ಆಯುಸ್ಸಿನ ಬಗ್ಗೆ ಕಳವಳ ತೋರಿಸುತ್ತಾರೆ. ಸೈಟಿನವರು ವಿಮೆಯವರ ಮಕ್ಕಳ ಭವಿಷ್ಯದ ಬಗ್ಗೆ ತೋರಿಸುತ್ತಾರೆ. ಅಂದು ಬೆಳಿಗ್ಗೆ ಅಲ್ಲಿ ನಿಜವಾಗಿ ನಡೆದ ವ್ಯಾಪಾರ ಒಂದೇ, ತಲೆಗಿಷ್ಟು ಎಂದು ಮೊದಲೇ ಮಾತಾಡಿಕೊಂಡ ಹೋಟೆಲಿನದು. ಆ ಮಾಲೀಕರ ಹತ್ತಿರ ಕಾರ್ಡೇ ಇಲ್ಲ. ಕೇಳಿದರೆ ಗಲ್ಲಾದ ಪಕ್ಕದ ಬಿಲ್ಲು ಪುಸ್ತಕದಿಂದ ಒಂದು ಹಾಳೆ ಹರಿದು ಕೊಡುತ್ತಾರೆ. 'ನಂಬರ್ ಇದರಲ್ಲೇ ಇದೆ ನೋಡಿ.'

ಉಳಿದವರೆಲ್ಲ ಚಿಕ್ಕಪೇಟೆ, ಸುಲ್ತಾನ್‌ಪೇಟೆಯ ಗಲ್ಲಿಗಳಿಗೆ ಹೋಗಿ ಬಂದವರು. ಅಗಲ ಮೂರೂವರೆ ಇಂಚು, ಎತ್ತರ ಎರಡು ಇಂಚು, ಒಟ್ಟು ಏಳು ಚದರ ಇಂಚು. ಅಷ್ಟರಲ್ಲಿ ಮನುಷ್ಯ ತನ್ನನ್ನು ತಾನು ಕಟ್ಟಿಕೊಳ್ಳಬೇಕು. 'ಎಷ್ಟು ಜಿಎಸ್‌ಎಂ ಹಾಕ್ಲಿ ಸಾರ್, 300 ಸಾಕಾ, 350 ಬೇಕಾ? ಮ್ಯಾಟ್ ಲ್ಯಾಮಿನೇಷನ್ನೋ, ವೆಲ್ವೆಟ್ಟೋ? ಹೆಸರಿಗೆ ಸ್ಪಾಟ್ ಯುವಿ ಹೊಡೆಸೋಣ, ಚೆನ್ನಾಗಿ ಮಿಂಚತ್ತೆ.' ಮನುಷ್ಯ ಮಿಂಚದಿದ್ದರೆ ಹೆಸರಾದರೂ ಮಿಂಚಲಿ ಎಂದು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಬಣ್ಣದ ಕಾರ್ಡನ್ನು ಆಫ್‌ಸೆಟ್‌ನಲ್ಲಿ ಸಾಮಾನ್ಯವಾಗಿ ಸಾವಿರಕ್ಕಿಂತ ಕಡಿಮೆ ಹಾಕಿಕೊಡುವುದಿಲ್ಲ. ಹತ್ತಾರು ಜನರ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ, ಒಟ್ಟಿಗೆ ಅಚ್ಚು ಹಾಕಿ, ಆಮೇಲೆ ಕತ್ತರಿಸುವುದು ಕ್ರಮ. ಕಿಡ್ನಿ ತಜ್ಞರೂ ಬೋರ್‌ವೆಲ್ ಪಾಯಿಂಟ್ ತೋರಿಸುವವರೂ ಕುಲಗೋತ್ರ ಕೇಳದೆ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಮಲಗಿರುತ್ತಾರೆ. ಈ ಊರಿನಲ್ಲಿ ನಡೆಯುವ ಅಪ್ಪಟ ನೆಟ್‌ವರ್ಕಿಂಗ್ ಅದೊಂದೇ. ಅದೂ ಕಟಿಂಗ್ ಮೆಷಿನ್ ಬರುವವರೆಗೆ.

ಸಾವಿರ ಕಾರ್ಡಿನಲ್ಲಿ ಮುನ್ನೂರು ಖರ್ಚಾಗುವುದರೊಳಗೆ ಕೆಲಸ ಬದಲಾಗಿರುತ್ತದೆ, ಇಲ್ಲವೇ ಕಂಪನಿಯೇ ಬದಲಾಗಿರುತ್ತದೆ. ಉಳಿದ ಏಳುನೂರು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಡ್ರಾಯರ್ ಸೇರುತ್ತವೆ. ಮೊದಲಾದರೆ ಅವುಗಳ ಬೆನ್ನ ಮೇಲೆ 'ಉದ್ದಿನಬೇಳೆ ಅರ್ಧ ಕೆಜಿ, ಕಡ್ಲೆಹಿಟ್ಟು, ಅಗರಬತ್ತಿ' ಎಂದು ಬರೆದುಕೊಂಡು ಅಂಗಡಿಗೆ ಹೋಗಬಹುದಿತ್ತು. ಲ್ಯಾಮಿನೇಷನ್ ಬಂದ ಮೇಲೆ ಪೆನ್ನು ಜಾರುತ್ತದೆ. ಈ ಪೆನ್ನು ಜಾರುವ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಸಣ್ಣ ವಿಷಯವಲ್ಲ.

ಕನ್ನಡದಲ್ಲೂ ಇರಲಿ ಎಂದು ಅಭಿಮಾನ ತೋರಿಸಿದವರ ಪಾಡು ಬೇರೆ. ಯೂನಿಕೋಡ್‌ನಲ್ಲಿ ಟೈಪಿಸಿದ ಹೆಸರು ಡಿಟಿಪಿ ಹುಡುಗನ ಹಳೇ ಕೋರಲ್‌ಡ್ರಾದೊಳಗೆ ಹೊಕ್ಕು, ನುಡಿ ಫಾಂಟಿಗೆ ತಿರುಗಿ ಹೊರಬರುವಷ್ಟರಲ್ಲಿ ಒತ್ತಕ್ಷರಗಳು ದಾರಿಯಲ್ಲೇ ಉದುರಿರುತ್ತವೆ. ಲಕ್ಷ್ಮೀನಾರಾಯಣರ ಲಕ್ಷ್ಮಿ ಚೂರುಚೂರು. 'ಪ್ರೂಫ್ ಕಳಿಸಿದ್ನಲ್ಲ ಸಾರ್, ನೀವೇ ಹೆಬ್ಬೆಟ್ಟು ಹಾಕಿದ್ರಿ' ಎಂದು ಹುಡುಗ ವಾಟ್ಸ್‌ಆ್ಯಪ್ ತೆಗೆದು ತೋರಿಸುತ್ತಾನೆ.

ಆದರೂ, ಅಕ್ಷರ ತಪ್ಪಿದರೆ ಕಾರ್ಡು ಕೆಲಸ ಮಾಡುವುದಿಲ್ಲ ಎಂದುಕೊಳ್ಳಬೇಡಿ. ಪ್ರಪಂಚದಲ್ಲಿ ಅತ್ಯಂತ ಪರಿಣಾಮ ಬೀರಿದ ವಿಸಿಟಿಂಗ್ ಕಾರ್ಡ್ ಯಾವುದೆಂದು ಕೇಳಿದರೆ ನಾನು ತೋರಿಸುವುದು ಅಕ್ಷರ ತಪ್ಪಿದ ಕಾರ್ಡನ್ನೇ. 1895ರ ಫೆಬ್ರವರಿ 18ರಂದು ಲಂಡನ್ನಿನ ಆಲ್ಬೆಮಾರ್ಲ್ ಕ್ಲಬ್ಬಿಗೆ ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ ಎಂಬ ಜಮೀನ್ದಾರ ಬಂದ. ತನ್ನ ಮಗನ ಜೊತೆ ಲೇಖಕ ಆಸ್ಕರ್ ವೈಲ್ಡ್‌ಗೆ ಇದ್ದ ಸ್ನೇಹದ ಮೇಲೆ ಅವನಿಗೆ ಉರಿ. ತನ್ನ ಕಾರ್ಡಿನ ಮೇಲೆ ವೈಲ್ಡ್‌ನ ನಡತೆಯನ್ನು ಹಳಿಯುವ ಒಂದು ಸಾಲು ಗೀಚಿ ಬಾಗಿಲಲ್ಲಿದ್ದ ನೌಕರನ ಕೈಗಿತ್ತು ಹೋದ. ಆ ಬೈಗುಳದಲ್ಲಿ ಮುಖ್ಯವಾದ ಪದದ್ದೇ ಕಾಗುಣಿತ ತಪ್ಪು. ನೌಕರ ಅದನ್ನು ಲಕೋಟೆಯಲ್ಲಿಟ್ಟು ಕಾದ. ಹತ್ತು ದಿನದ ಮೇಲೆ ವೈಲ್ಡ್ ಬಂದು ಓದಿದ, ಮಾನನಷ್ಟ ಮೊಕದ್ದಮೆ ಹೂಡಿದ. ಮೊಕದ್ದಮೆ ಅವನ ಮೇಲೇ ತಿರುಗಿತು. ಮೇ 25ಕ್ಕೆ ವೈಲ್ಡ್‌ಗೆ ಎರಡು ವರ್ಷದ ಕಠಿಣ ಸಜೆ. ವೈಲ್ಡ್‌ನ ಕೈಗೆ ಬೇಡಿ ತೊಡಿಸಿದ ಆ ಕಾರ್ಡಿನಲ್ಲಿ ಅಚ್ಚಾಗಿದ್ದ ಹೆಸರು, ಬಿರುದು ಏನೂ ಮಾಡಲಿಲ್ಲ. ಮಾಡಿದ್ದೆಲ್ಲ ಕೈಬರಹ. ಇದನ್ನು ನೆನಪಿಟ್ಟುಕೊಳ್ಳಿ.

ಆದರೆ ನಮ್ಮವರ ನಂಬಿಕೆಯೆಲ್ಲ ಅಚ್ಚಾದ ಅಕ್ಷರದ ಮೇಲೆ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು. ಭಾರತರತ್ನ, ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆಮುಂದೆ ಅಂಟಿಸಿಕೊಳ್ಳಬಾರದು ಎಂದು 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪದ್ಮ ಸಿಕ್ಕವರು ಹೇಗೂ ಬೆರಳೆಣಿಕೆಯವರು. ಉಳಿದವರು ನ್ಯಾಯಾಲಯದ ಕಣ್ಣಿಗೆ ಬೀಳದ ಬಿರುದುಗಳನ್ನು ತಾವೇ ಕಂಡುಕೊಂಡರು. ಸಮಾಜ ಸೇವಾ ರತ್ನ, ಕಾಯಕ ಭೂಷಣ, ಉದ್ಯಮ ಶಿರೋಮಣಿ, ಹೆಸರಿನ ಮುಂದೊಂದು 'ಡಾ.'. ಯಾವ ವಿಷಯದಲ್ಲಿ ಡಾಕ್ಟರೇಟು ಎಂದು ಕೇಳುವುದು ಸಭ್ಯತೆಯಲ್ಲ. ಯಾವ ವಿಶ್ವವಿದ್ಯಾಲಯ ಎಂದು ಕೇಳಿದರಂತೂ ಪೂರ್ತಿ ಒರಟುತನ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ ಸಮೇತ ಪ್ಯಾಕೇಜಿನಲ್ಲಿ ಬಂದ ಪದವಿಯನ್ನು ಆ ದೃಷ್ಟಿಯಿಂದ ನೋಡಬಾರದು.

ಇನ್ನು ಸಿಂಹಗಳು. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು 2005ರಲ್ಲಿ ಕಾಯ್ದೆ ಬಂತು, 2007ರಲ್ಲಿ ನಿಯಮಗಳು ಬಂದವು. ಮಾಜಿ ಮಂತ್ರಿ, ಮಾಜಿ ಶಾಸಕ, ಮಾಜಿ ಸಂಸದ, ನಿವೃತ್ತ ನ್ಯಾಯಮೂರ್ತಿ, ನಿವೃತ್ತ ಅಧಿಕಾರಿ, ಯಾರೂ ಸಿಂಹಗಳನ್ನು ಜೊತೆಗೆ ಮನೆಗೆ ಕರೆದುಕೊಂಡು ಹೋಗುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಹುದ್ದೆ ಬಿಟ್ಟಷ್ಟು ಸುಲಭವಾಗಿ ಸಿಂಹವನ್ನು ಬಿಡಲಾಗುತ್ತದೆಯೇ? 'ಮಾಜಿ' ಎಂಬ ಎರಡಕ್ಷರವನ್ನು ಇರುವೆ ಗಾತ್ರದಲ್ಲಿ, ಲಾಂಛನವನ್ನು ಬೆರಳುಗಾತ್ರದಲ್ಲಿ ಅಚ್ಚು ಹಾಕಿಸಿದ ಕಾರ್ಡುಗಳು ಮದುವೆ ಮನೆಗಳಲ್ಲಿ ಈಗಲೂ ಓಡಾಡುತ್ತವೆ. ವಕೀಲರ ವಿಷಯದಲ್ಲಿ ಬಾರ್ ಕೌನ್ಸಿಲ್ಲಿನ 36ನೇ ನಿಯಮ ಇನ್ನೂ ಕಟುವಾಗಿದೆ. ತಾನು ಯಾವುದೋ ಸಂಘದ ಅಧ್ಯಕ್ಷ, ಹಿಂದೆ ನ್ಯಾಯಾಧೀಶನಾಗಿದ್ದೆ, ಇಂಥ ಕೇಸುಗಳಲ್ಲಿ ಪರಿಣತ ಎಂದೆಲ್ಲ ನಾಮಫಲಕದಲ್ಲಾಗಲಿ ಕಾಗದಪತ್ರದಲ್ಲಾಗಲಿ ತೋರಿಸಿಕೊಳ್ಳುವಂತಿಲ್ಲ. ಈ ನಿಯಮವನ್ನು ವಕೀಲರಿಗಷ್ಟೇ ಮೀಸಲಿಟ್ಟದ್ದು ಅನ್ಯಾಯ. ನಾಡಿನ ಎಲ್ಲ ಸಂಘ, ವೇದಿಕೆ, ಸೇನೆ, ಒಕ್ಕೂಟಗಳಿಗೂ ಹಚ್ಚಬೇಕಿತ್ತು. ಅಖಿಲ ಕರ್ನಾಟಕ ಎಂದು ಶುರುವಾಗುವ ಸಂಘಟನೆಯ ರಾಜ್ಯಾಧ್ಯಕ್ಷರ ಕಾರ್ಡು ನಮ್ಮೆಲ್ಲರ ಮನೆಯಲ್ಲೂ ಇದೆ, ಉಪಾಧ್ಯಕ್ಷರದೂ ಇದೆ, ಯುವ ಘಟಕದ ಪ್ರಧಾನ ಸಂಚಾಲಕರದೂ ಇದೆ. 'ಸದಸ್ಯ' ಎಂದು ಕಾರ್ಡು ಹಾಕಿಸಿದವರನ್ನು ಎಲ್ಲಾದರೂ ನೋಡಿದ್ದೀರಾ?

ಬ್ರಿಟಿಷರ ಕಾಲದ ದಂಡುಗಳಲ್ಲಿ ಕಾರ್ಡಿನ ವ್ಯವಹಾರ ಇದಕ್ಕಿಂತ ಪ್ರಾಮಾಣಿಕವಾಗಿತ್ತು. ಊರಿಗೆ ಹೊಸದಾಗಿ ಬಂದ ಸಾಹೇಬ ಸುಡುಬಿಸಿಲಲ್ಲಿ ಬಂಗಲೆ ಬಂಗಲೆ ಸುತ್ತಿ ಕಾರ್ಡು ಹಾಕಬೇಕು. ಪ್ರತಿ ಗೇಟಿನಲ್ಲೂ ಒಂದು ಸಣ್ಣ ಪೆಟ್ಟಿಗೆ, ಅದರ ಮೇಲೆ 'ಅಮ್ಮಾವರು ಮನೆಯಲ್ಲಿಲ್ಲ' ಎಂಬರ್ಥದ ಇಂಗ್ಲಿಷ್ ಬರಹ. ಅಮ್ಮಾವರು ಒಳಗೇ ಇದ್ದಾರೆಂದು ಹಾಕುವವನಿಗೂ ಗೊತ್ತು, ಹಾಕಿದವನು ಯಾರೆಂದು ಪರದೆ ಸಂದಿಯಲ್ಲಿ ಅಮ್ಮಾವರಿಗೂ ಗೊತ್ತು. ಮುಖ ನೋಡದೆ ಪರಿಚಯ ಮುಗಿಯಿತು, ಇಬ್ಬರಿಗೂ ಸಮಾಧಾನ. ಈಗಿನ ಕ್ಯುಆರ್ ಕೋಡು ಆ ಪೆಟ್ಟಿಗೆಯ ಮೊಮ್ಮಗು. ಸ್ಕ್ಯಾನ್ ಮಾಡಿದರೆ ಕೈ ಕಟ್ಟಿಕೊಂಡು ನಿಂತ ಫೋಟೋ, 'ಸಂಸ್ಥಾಪಕ, ಚಿಂತಕ, ಕನಸುಗಾರ' ಎಂಬ ಒಕ್ಕಣೆ. ಮನುಷ್ಯ ಮಾತ್ರ ಮನೆಯಲ್ಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಾರ್ಡಿನ ಮುಂಬದಿಯ ಪುರಾಣ. ಗುರುಗಳು ಹೇಳಿಕೊಡುವುದೂ ಅಷ್ಟನ್ನೇ. ಕೆಲಸ ನಡೆಯುವುದು ಹಿಂಬದಿಯಲ್ಲಿ. ರಾತ್ರಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿಳಿದು, ಅಲ್ಲೇ ಮುಖ ತೊಳೆದು, ಶಾಸಕರ ಭವನದ ಕಾರಿಡಾರಿನಲ್ಲಿ ಕಾಯುವವರಿಗೆ ಇದು ಚೆನ್ನಾಗಿ ಗೊತ್ತು.

'ಅಣ್ಣಾ, ಅತ್ತಿಗೇನ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ಬೆಡ್ ಇಲ್ಲ ಅಂತಾವ್ರೆ. ಸಾಹೇಬ್ರದೊಂದು ಕಾರ್ಡು ಕೊಡ್ಸಣ್ಣ.'

'ಫೋನ್ ಮಾಡಿಸ್ತೀನಿ ಬಿಡು, ಕಾರ್ಡ್ಯಾಕೆ?' ಎನ್ನುತ್ತಾರೆ ಪಿಎ.

'ಫೋನು ನಮ್ ಕೈಲಿರಲ್ವಲ್ಲಣ್ಣ. ಕಾರ್ಡಾದ್ರೆ ತೋರಿಸ್ಬೋದು.'

ಎಂಥ ಮಾತು! ಇಡ್ಲಿ ಗುರುಗಳು ಇವರ ಕಾಲ ಬಳಿ ಕೂತು ಪಾಠ ಕಲಿಯಬೇಕು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಕಾರ್ಡಿನ ಹಿಂದೆ ಬರೆದದ್ದು ಸೆಕ್ಯುರಿಟಿಯವನಿಗೆ, ಕೌಂಟರಿನವಳಿಗೆ, ಡ್ಯೂಟಿ ಡಾಕ್ಟರಿಗೆ, ಕೊನೆಗೆ ಲಿಫ್ಟಿನವನಿಗೂ ತೋರಿಸಿ ದಾಟುವ ರಹದಾರಿ.

ಬರೆಯುವುದಕ್ಕೂ ಒಂದು ವ್ಯಾಕರಣವಿದೆ, ಯಾವ ಶಾಲೆಯಲ್ಲೂ ಕಲಿಸದ ವ್ಯಾಕರಣ. 'ಇವರು ನಮ್ಮ ಕ್ಷೇತ್ರದವರು' ಎಂದರೆ ಯಾರೋ ಗೊತ್ತಿಲ್ಲ, ಬಾಗಿಲಲ್ಲಿ ಕೂತಿದ್ದರು. 'ಇವರು ನಮ್ಮವರು' ಎಂದರೆ ಬೂತ್ ಮಟ್ಟದಲ್ಲಿ ಓಡಾಡಿದವರು. 'ನಮಗೆ ಬೇಕಾದವರು' ಎಂದರೆ ಹಣವನ್ನೋ ಹೆಣ್ಣನ್ನೋ ಕೊಟ್ಟು ತಂದ ಸಂಬಂಧ. 'ತೀರಾ ಬೇಕಾದವರು' ಎಂದಿದ್ದರೆ ಅಧಿಕಾರಿ ಕುರ್ಚಿ ಬಿಟ್ಟು ಎದ್ದು ಟೀ ತರಿಸುವುದು ಕ್ಷೇಮ. ಕ್ರಿಯಾಪದ ಇನ್ನೂ ಸೂಕ್ಷ್ಮ. 'ಮಾಡಿಕೊಡಿ' ಎಂದರೆ ಮಾಡಿಕೊಡಿ. 'ಸಹಕರಿಸಿ' ಎಂದರೆ ಸ್ವಲ್ಪ ಸತಾಯಿಸಿ ಮಾಡಿಕೊಡಿ. 'ನಿಯಮಾನುಸಾರ ಪರಿಶೀಲಿಸಿ' ಎಂದಿದ್ದರೆ ಬಂದವರ ಕಥೆ ಮುಗಿಯಿತು. ನಿಯಮದ ಪ್ರಕಾರವೇ ಆಗುವ ಹಾಗಿದ್ದರೆ ಅವರು ರಾತ್ರಿ ಬಸ್ಸು ಯಾಕೆ ಹತ್ತುತ್ತಿದ್ದರು? ಶಾಯಿಯ ಬಣ್ಣದಲ್ಲೂ ಸಂಕೇತವಿರುತ್ತದೆ, ಒಂದು ಬಣ್ಣದಲ್ಲಿ ಬರೆದದ್ದು ನಿಜ, ಇನ್ನೊಂದರಲ್ಲಿ ಬರೆದದ್ದು ಕಣ್ಣೊರೆಸಲು ಎಂಬ ಗುಸುಗುಸು ಕಚೇರಿಗಳಲ್ಲಿ ಹಳೆಯದು. ಕಾರ್ಡು ಹಿಡಿದವರು ಬಾಗಿಲು ದಾಟುತ್ತಿದ್ದಂತೆ ಹಿಂದಿನಿಂದ ಫೋನು: 'ಒಬ್ರು ಬರ್ತಾ ಇದಾರೆ. ಬರ್ಕೊಟ್ಟಿದೀನಿ. ತಲೆಗೆ ಹಚ್ಕೋಬೇಡಿ.' ಫೋನು ನಮ್ಮ ಕೈಲಿರಲ್ಲ ಎಂದು ಆತ ಹೇಳಿದ್ದು ಇದಕ್ಕೇ.

ಸಿಕ್ಕ ಕಾರ್ಡನ್ನು ಅಧಿಕಾರಿ ಇಟ್ಟುಕೊಳ್ಳಲು ನೋಡಿದರೆ ಬಂದವರು ಬಿಡುವುದಿಲ್ಲ. 'ಸಾರ್, ಅದು ವಾಪಸ್ ಬೇಕಿತ್ತು. ನಾಳೆ ಇನ್ನೊಂದು ಕಡೆ ತೋರಿಸ್ಬೇಕು.' ಮಗುವಿನ ಎಲ್‌ಕೆಜಿ ಸೀಟಿಗೆ ಬರೆಸಿದ ಕಾರ್ಡು ಮಗುವಿನ ಪಿಯುಸಿವರೆಗೆ ದುಡಿಯುತ್ತದೆ. ಬರೆಸಿಕೊಂಡ ಮೇಲೆ ಲ್ಯಾಮಿನೇಷನ್ ಮಾಡಿಸಿದ ಬುದ್ಧಿವಂತರೂ ಇದ್ದಾರೆ. ಲ್ಯಾಮಿನೇಷನ್ನಿನ ಸರಿಯಾದ ಜಾಗ ಯಾವುದೆಂದು ಅರಿತವರು ಅವರಷ್ಟೇ. ಕಾರ್ಡಿಗೆ ಬಗ್ಗದ ಕಡೆ ಲೆಟರ್‌ಹೆಡ್ಡು ಇದ್ದೇ ಇದೆ. ರೈಲಿನ ಎಮರ್ಜೆನ್ಸಿ ಕೋಟಾಕ್ಕೆ ಕಾರ್ಡು ಸಾಲದು, ಸಂಸದರಂಥವರ ಲೆಟರ್‌ಹೆಡ್ಡೇ ಬೇಕು. ಸರ್ಕಾರಿ ನೌಕರ ತನ್ನ ಸೇವಾ ವಿಷಯಕ್ಕೆ ರಾಜಕೀಯ ಪ್ರಭಾವ ತರಬಾರದು ಎಂದು ನಡತೆ ನಿಯಮಗಳು 1966ರಲ್ಲಿ ಹೇಳಿದವು, 2021ರಲ್ಲಿ ಹೊಸದಾಗಿ ಬರೆದಾಗಲೂ ಹೇಳಿದವು. ವರ್ಗಾವಣೆ ಕಾಲದಲ್ಲಿ ವಿಧಾನಸೌಧದ ಮೆಟ್ಟಿಲ ಮೇಲೆ ಕಾಣುವ ಜನಸಾಗರ ಆ ನಿಯಮಗಳನ್ನು ಓದಲು ಬಂದದ್ದಿರಬೇಕು.

ಆ ಅತ್ತಿಗೆಗೆ ಸಂಜೆಯೊಳಗೆ ಹಾಸಿಗೆ ಸಿಕ್ಕಿತು ಅಂದುಕೊಳ್ಳಿ. ಸಂತೋಷ. ಅದೇ ಹಾಸಿಗೆಗೆ ಬೆಳಗಿನಿಂದ ಸ್ಟ್ರೆಚರಿನ ಮೇಲೆ ಕಾದ ಇನ್ನೊಬ್ಬರ ಕಡೆಯವರ ಕೈಯಲ್ಲೂ ಕಾರ್ಡಿತ್ತು, ಆಧಾರ್ ಕಾರ್ಡು. ಅದರ ಹಿಂಬದಿಯಲ್ಲಿ ಸರ್ಕಾರವೇ ಮೊದಲು ವಿಳಾಸ ಅಚ್ಚು ಹಾಕಿಬಿಟ್ಟಿದೆ. 'ಇವರು ನಮ್ಮವರು' ಎಂದು ಯಾರಾದರೂ ಬರೆಯೋಣವೆಂದರೂ ಜಾಗವಿಲ್ಲ.

ಆದ್ದರಿಂದ ನನ್ನ ಸಲಹೆ. ಸುಲ್ತಾನ್‌ಪೇಟೆಯ ಕಡೆ ಕಸುಬು ಗೊತ್ತಿರುವ ಹಳಬರು ದೊಡ್ಡ ಮನುಷ್ಯರ ಆರ್ಡರು ಬಂದಾಗ ಜಿಎಸ್‌ಎಂ ಕೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: 'ಹಿಂದ್ಗಡೆ ಬರೀತೀರಾ ಸಾರ್?' ಬರೆಯುವವರಾದರೆ ಲ್ಯಾಮಿನೇಷನ್ ಒಂದೇ ಬದಿ. ಬರೆಯದವರು ಎರಡೂ ಬದಿ ಮಿರಮಿರ ಮಾಡಿಸಿಕೊಳ್ಳಬಹುದು, ಬೇಕಾದರೆ ಅಂಚಿಗೆ ಚಿನ್ನದ ಬಣ್ಣವನ್ನೂ ಹಚ್ಚಿಸಿಕೊಳ್ಳಬಹುದು. ಇನ್ನು ಮುಂದೆ ಯಾರಾದರೂ ನಿಮಗೆ ಕಾರ್ಡು ಕೊಟ್ಟರೆ ಹೆಸರು ಓದುತ್ತಾ ನಿಲ್ಲಬೇಡಿ. ತಿರುಗಿಸಿ, ಹೆಬ್ಬೆರಳಿನಿಂದ ಬೆನ್ನು ಸವರಿ. ಒರಟಾಗಿದ್ದರೆ ಎರಡೂ ಕೈ ಜೋಡಿಸಿ. ನುಣುಪಾಗಿದ್ದರೆ ಅವರೂ ನಿಮ್ಮ ಹಾಗೆ ಯಾರದ್ದೋ ಕಾರ್ಡಿಗೆ ಕಾಯುತ್ತಿರುವವರು, ಇಡ್ಲಿ ತಣ್ಣಗಾಗುವ ಮೊದಲು ತಿಂದು ಹೊರಡಿ.

ಕಾರ್ಡು ತೋರಿಸಿ ದಾಟುವ ಈ ಕಲೆಗೆ ಕೇಡು ಬಂದದ್ದು ಟ್ರಾಫಿಕ್ ಚೌಕಗಳಲ್ಲಿ. ಮೊದಲು ಸಿಗ್ನಲ್ ಹಾರಿದಾಗ ಪೊಲೀಸರು ಕೈ ಅಡ್ಡ ಹಾಕುತ್ತಿದ್ದರು, ಕಾರಿನವರು ಡ್ಯಾಶ್‌ಬೋರ್ಡಿನಿಂದ ಯಾರದ್ದೋ ಕಾರ್ಡು ತೆಗೆದು ಕಿಟಕಿಯಾಚೆ ಚಾಚುತ್ತಿದ್ದರು, ಪೊಲೀಸರು ಹಿಂದೆಮುಂದೆ ನೋಡಿ, ನಿಟ್ಟುಸಿರಿಟ್ಟು ಬಿಡುತ್ತಿದ್ದರು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಚೌಕಗಳಿಗೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳ ಹೊಸ ವ್ಯವಸ್ಥೆ ಬಂತು. ಅದು ಕೈ ಅಡ್ಡ ಹಾಕುವುದಿಲ್ಲ, ಕಿಟಕಿ ಇಳಿಸಿ ಎನ್ನುವುದಿಲ್ಲ, ನೇರ ಮೊಬೈಲಿಗೆ ನೋಟಿಸು. ಕಾರ್ಡು ಚಾಚಲು ಅತ್ತ ಕೈಯೇ ಇಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಹಣ ಹರಿದುಬಂತು. ನಮಗೆ ಪರಿಚಯದ ಒಬ್ಬ ರಾಜ್ಯಾಧ್ಯಕ್ಷರೂ ಆ ಸಾಲಿನಲ್ಲಿ ನಿಂತು ಕಟ್ಟಿ ಬಂದರು. ಅವರ ಕಾರಿನಲ್ಲಿ ಇಬ್ಬರು ಎಸಿಪಿಗಳ, ಒಬ್ಬ ಮಂತ್ರಿಯ, ಮೂವರು ಸ್ವಾಮೀಜಿಗಳ ಕಾರ್ಡುಗಳಿದ್ದವು. ಒಂದೂ ಉಪಯೋಗಕ್ಕೆ ಬರಲಿಲ್ಲ ಎಂದು ಬಹಳ ದಿನ ಕುದಿಯುತ್ತಿದ್ದರು. ಮೊನ್ನೆ ಅವರೇ ಫೋನ್ ಮಾಡಿದರು.

'ಅಲ್ಲ ಸ್ವಾಮಿ, ಕ್ಯಾಮೆರಾ ಅಂದ್ಮೇಲೆ ಅದನ್ನ ನೋಡ್ಕೊಳ್ಳೋಕೆ ಒಬ್ಬ ಆಪರೇಟರ್ ಅಂತ ಇರಲೇಬೇಕಲ್ವಾ?'

'ಇರ್ತಾರೆ ಅನ್ಸತ್ತೆ.'

'ಯಾವೂರೋರಂತೆ?'